ನಮ್ಮ ಮೊದಲ ನಾಟಕದ ದಿನವೇ ಕರ್ಕಿ ದಡಕ್ಕೆ ಬಂದ ಬಂಗಡೆ ಮೀನುಗಳಿಗೆ

ಗೆ,
ಬಂಗಡೆ ಮೀನುಗಳ ಹಿಂಡಿನ ಸಮಸ್ತ ಸದಸ್ಯರು,
ಕರ್ಕಿ ದಡದಿಂದ ಪಶ್ಚಿಮಕ್ಕೆ, ಅರಬ್ಬೀ ಸಮುದ್ರ.

ಮಾನ್ಯರೇ,

ತಾವೆಲ್ಲರೂ ಸಪರಿವಾರವಾಗಿ, ಉಪ್ಪು ನೀರಿನಲ್ಲಿ ತಂಪಾಗಿ, ಯಾವ ಬಲೆಯ ಕಣ್ಣಿಗೂ ಬೀಳದೆ ಕ್ಷೇಮವಾಗಿದ್ದೀರೆಂದು ನಂಬಿ, ಹೊನ್ನಾವರ ತಾಲೂಕು ಕರ್ಕಿಯ 'ಅಳಿವೆ ಹವ್ಯಾಸಿ ರಂಗ ಬಳಗ'ದ ಕಾರ್ಯದರ್ಶಿ ಮೂಕಾಂಬಿಕಾ ಎಂಬ ನಾನು ತಲೆಬಾಗಿ ವಂದಿಸುತ್ತಿದ್ದೇನೆ. ಕಳೆದ ತಿಂಗಳು ನಮ್ಮ ಊರಿನ ದಡದಲ್ಲಿ ತಮ್ಮ ಬಳಗದ ಬಹಳಷ್ಟು ಮಂದಿಗೆ ಒದಗಿದ ಗತಿಯ ಬಗ್ಗೆ ನಮಗೆ ವಿಷಾದವಿದೆ. ಅವರ ರುಚಿಯ ಬಗ್ಗೆ ಊರಿನಲ್ಲಿ ಯಾರಿಗೂ ವಿಷಾದವಿಲ್ಲ ಎಂಬುದನ್ನೂ ಪ್ರಾಮಾಣಿಕವಾಗಿ ತಿಳಿಸಬೇಕಾಗಿದೆ.

ನಾನು ಊರಿನ ಅಂಚೆ ಕಚೇರಿಯಲ್ಲಿ ಕೆಲಸ ಮಾಡುವವಳು. ವಿಳಾಸ ಸರಿಯಿಲ್ಲದ ಲಕೋಟೆಯನ್ನು ನಿರ್ದಾಕ್ಷಿಣ್ಯವಾಗಿ ಹಿಂದಕ್ಕೆ ಕಳಿಸುವ ನನಗೆ, ಪಿನ್ ಕೋಡ್ ಇಲ್ಲದ, ಬಾಗಿಲಿಲ್ಲದ, ದಿನಕ್ಕೊಂದು ಕಡೆ ಮನೆ ಬದಲಿಸುವ ತಮಗೆ ಪತ್ರ ಮುಟ್ಟಿಸುವ ದಾರಿ ಕಾಣದೆ ಇದನ್ನು ಬಹಿರಂಗ ಪತ್ರವಾಗಿಸಬೇಕಾಯಿತು. ದೂರು ಬರೆಯುವ ಕೆಲಸ ನನ್ನ ತಲೆಗೇ ಬಂದದ್ದಕ್ಕೆ ಕಾರಣವೂ ಇದೆ. ಹಳದೀಪುರದ ತೋಟದ ಮನೆಯಲ್ಲಿ ಹುಟ್ಟಿ, ಬಾಳೆಕಾಯಿ ಪಲ್ಯ, ಸೌತೆಕಾಯಿ ಹುಳಿ ಉಂಡು ಬೆಳೆದ ನಾನು ತಮ್ಮ ವಂಶದ ಒಬ್ಬರಿಗೂ ಈವರೆಗೆ ಹಲ್ಲು ತಾಗಿಸಿಲ್ಲ. ತಮ್ಮ ಮುಖ ನೋಡಿ ದೂರು ಹೇಳುವ ನೈತಿಕ ಅಧಿಕಾರ ಬಳಗದಲ್ಲಿ ನನ್ನೊಬ್ಬಳಿಗೇ ಇದೆಯೆಂದು ಸಭೆ ಒಮ್ಮತದಿಂದ ತೀರ್ಮಾನಿಸಿತು.

ಮೊದಲು ನಮ್ಮ ಬಳಗದ ಪರಿಚಯ. ಕುಮಟೆಯಿಂದ ವರ್ಗವಾಗಿ ಬಂದ ಗಣಿತದ ಮಾಸ್ತರರಾದ ಕಮಲಾಕರ ಅವರು ಬೇಸಿಗೆ ರಜೆಯಲ್ಲಿ ಯಾವುದೋ ರಂಗ ಶಿಬಿರಕ್ಕೆ ಹೋಗಿ, ಹೋಗುವಾಗ ಇಲ್ಲದ ಗಡ್ಡವನ್ನೂ ಖಾದಿ ಜುಬ್ಬವನ್ನೂ ಧರಿಸಿ ಹಿಂದಿರುಗಿ, ನಮ್ಮೂರಿಗೆ ಹೊಸ ನಾಟಕದ ಅಗತ್ಯವಿದೆಯೆಂದು ಸಾರಿದರು. ಯಕ್ಷಗಾನವನ್ನು ತಾಯಿಯ ಹಾಲಿನ ಜೊತೆಗೇ ಕುಡಿದ ಊರು ನಮ್ಮದು. ಮೀನು ಮಾರುವ ವನಮಾಲಾ ಮೊದಲ ಸಭೆಯಲ್ಲೇ ಕೇಳಿದಳು.

"ಭಾಗವತ್ರು ಯಾರು ಮಾಸ್ತ್ರೇ?"

"ಇದರಲ್ಲಿ ಭಾಗವತರು ಇರೂದಿಲ್ಲ."

"ಹಾಗಾರೆ ಕುಣಿಯೂದು ಹ್ಯಾಂಗೆ?"

"ಕುಣಿಯೂದಿಲ್ಲ."

"ಪದ ಇಲ್ಲ, ಕುಣಿತ ಇಲ್ಲ, ಕಿರೀಟ ಇಲ್ಲ. ಮತ್ತೆ ಜನ ಬಂದು ಎಂತ ನೋಡೂದು?"

ಮಾಸ್ತರರು ಜುಬ್ಬದ ತೋಳು ಮಡಿಸಿಕೊಂಡು "ಬದುಕು" ಎಂದರು. ಬದುಕು ನೋಡಲು ಕೇರಿಯಲ್ಲಿ ಟಿಕೆಟ್ ಬೇಡವಲ್ಲ ಎಂಬುದು ವನಮಾಲಾಳ ಅಭಿಪ್ರಾಯವಾಗಿತ್ತು. ಆದರೂ ಆಕೆಯೇ ಮೊದಲು ಸೇರಿದಳು, ಸೇರಿದ ದಿನದಿಂದ ಬಿಡಲೂ ಇಲ್ಲ. ಶರಾವತಿ ಸಮುದ್ರ ಸೇರುವ ಅಳಿವೆಯ ನೆನಪಿಗೆ ಮಾಸ್ತರರು ಬಳಗಕ್ಕೆ 'ಅಳಿವೆ' ಎಂದು ಹೆಸರಿಟ್ಟಾಗ, "ಹುಟ್ಟೂಕಿಂತ ಮೊದಲೇ ಅಳಿವಾ?" ಎಂದು ಕೇಳಿದವಳೂ ಆಕೆಯೇ.

ನಟರೆಂದರೆ ಮೂವರು. ದೋಣಿ ಕೆಲಸದ ಹೊನ್ನ, ಹೊನ್ನಾವರ ಪೇಟೆಯಲ್ಲಿ ಮೊಬೈಲ್ ರಿಪೇರಿ ಮಾಡುವ ಹರೀಶ, ಮತ್ತು ವನಮಾಲಾ. ಹೊನ್ನ ದಡದಲ್ಲಿ ನಿಂತು ಕೂಗಿದರೆ ದೂರದ ದೋಣಿಯಲ್ಲಿ ಮಲಗಿದ್ದವರೂ ಎದ್ದು ಕೂರುತ್ತಾರೆ, ಆ ಗಂಟಲನ್ನು ಕೇಳಿಯೇ ಮಾಸ್ತರರು ಅವನ ಹಿಂದೆ ಬಿದ್ದದ್ದು. ನಟರಿಗೆ ಮಾತು ಮರೆತಾಗ ಮರೆಯಲ್ಲಿ ನಿಂತು ನೆನಪಿಸುವುದು ನನ್ನ ಕೆಲಸ. ಸಂಜೆಯಾದರೆ ನಾನು ಒಲೆ ಆರಿಸಿ, "ಬತ್ತೆ ಅತ್ತೆ, ತಾಲೀಮು ಇದ್ದು" ಎಂದು ಹೇಳಿ ಹೊರಡುತ್ತಿದ್ದೆ. ಅತ್ತೆ ಉತ್ತರವಾಗಿ ಟಿವಿಯ ಸದ್ದು ಹೆಚ್ಚಿಸುತ್ತಿದ್ದರು.

ನಾಟಕ ಮಾಸ್ತರರೇ ಬರೆದದ್ದು. ಹೆಸರು 'ದೋಣಿ ಪಾಲು'. ಅಪ್ಪ ಸತ್ತ ಮೇಲೆ ಅಣ್ಣತಮ್ಮಂದಿರು ಪಾಲಾಗುತ್ತಾರೆ. ಅಣ್ಣನಿಗೆ ದೋಣಿ, ತಮ್ಮನಿಗೆ ಬಲೆ. ಬಲೆಯಿಲ್ಲದ ದೋಣಿ ದಡದಲ್ಲಿ ಒಣಗುತ್ತದೆ, ದೋಣಿಯಿಲ್ಲದ ಬಲೆ ಅಟ್ಟದಲ್ಲಿ ಮುದುಡುತ್ತದೆ, ಅವರ ತಾಯಿ ಇಬ್ಬರ ನಡುವೆ ಕೂತು ಸಮುದ್ರ ನೋಡುತ್ತಾಳೆ. ಒಮ್ಮೆಯೂ ದೋಣಿ ಹತ್ತದ, ಹತ್ತಿಸಿದರೆ ವಾಂತಿ ಮಾಡುವ ಮಾಸ್ತರರು ಇದನ್ನು ಓದಿ ಮುಗಿಸಿ ನಮ್ಮ ಮುಖ ನೋಡಿದರು. ತಮ್ಮ ಬರವಣಿಗೆಗೆ ಸಭೆ ಮೂಕವಾಯಿತೆಂದು ಅವರು ತಿಳಿದರು.

"ಇದನ್ನ ಯಾರು ಹೇಳಿದ್ರು ನಿಮಗೆ?" ಎಂದಳು ವನಮಾಲಾ.

"ಯಾರೂ ಹೇಳಿಲ್ಲ. ಕೂತು ಯೋಚಿಸಿದ್ದು."

ವನಮಾಲಾ ಹೊನ್ನನ ಕಡೆ ನೋಡಿದಳು. ಹೊನ್ನ ಬಾಗಿಲಾಚೆ ನೋಡಿದ. ಮಾಸ್ತರರು ಹೊಸಬರು, ಅವರಿಗೆ ತಿಳಿದಿರಲಿಲ್ಲ. ಹೊನ್ನನಿಗೂ ಅವನ ಅಣ್ಣ ಈರನಿಗೂ ಆದದ್ದು ಅಕ್ಷರಶಃ ಇದೇ. ಅಣ್ಣನ ದೋಣಿ ತೆಂಗಿನ ಗರಿಯ ಕೆಳಗೆ ಮಲಗಿದೆ, ತಮ್ಮನ ಬಲೆ ಅಟ್ಟದಲ್ಲಿದೆ, ಇಬ್ಬರೂ ಬೇರೆಯವರ ದೋಣಿಗೆ ದುಡಿಯಲು ಹೋಗುತ್ತಾರೆ. ಒಂದೇ ಬೇಲಿಯ ಆಚೆಈಚೆ ಮನೆ, ಒಂದೇ ಬಾವಿಯ ನೀರು, ಆದರೆ ತಾಯಿ ತೀರಿಕೊಂಡಾಗಲೂ ಒಬ್ಬರಿಗೊಬ್ಬರು ಒಂದು ಮಾತು ಆಡಿದವರಲ್ಲ. ಇನ್ನು ಹೊನ್ನ ಈ ಕಡೆ ಮುಖ ಹಾಕುವುದಿಲ್ಲವೆಂದು ನಾನು ತಿಳಿದೆ. ಆದರೆ ಅವನು, "ಅಣ್ಣನ ಪಾತ್ರ ನಾ ಮಾಡ್ತೆ" ಎಂದ.

"ನಿನಗೆ ತಮ್ಮನ ಪಾತ್ರ ಒಪ್ತದೆ" ಎಂದರು ಮಾಸ್ತರರು.

"ಅದು ಸಾಕಾತು ಮಾಸ್ತ್ರೇ. ಹುಟ್ಟಿದಾಗಿಂದ ಅದೇ ಮಾಡ್ತಾ ಇದ್ದೆ."

ಹೀಗೆ ಹೊನ್ನ ಅಣ್ಣನಾದ, ಹರೀಶ ತಮ್ಮನಾದ, ಹೊನ್ನನಿಗಿಂತ ಚಿಕ್ಕವಳಾದ ವನಮಾಲಾ ತಲೆಗೆ ಪೌಡರ್ ಬಳಿದುಕೊಂಡು ಅವನ ತಾಯಿಯಾದಳು. ಹೊನ್ನ ನಟಿಸಿದ ಬಗೆಯನ್ನು ತಾವು ನೋಡಬೇಕಿತ್ತು. ಈರ ಸಿಟ್ಟು ಬಂದರೆ ಹೆಗಲ ಟುವಾಲನ್ನು ಒಮ್ಮೆ ಝಾಡಿಸಿ ಮತ್ತೆ ಅದೇ ಹೆಗಲಿಗೆ ಹಾಕುತ್ತಾನೆ, ಹೊನ್ನನೂ ಹಾಗೇ ಮಾಡಿದ. ಈರ ಎಡಗಾಲನ್ನು ಕೊಂಚ ಹೊರಗೆ ಎಸೆದು ನಡೆಯುತ್ತಾನೆ, ಹೊನ್ನನ ಎಡಗಾಲೂ ಹೊರಗೆ ಹೋಯಿತು. ವರ್ಷಗಳಿಂದ ಮಾತು ಬಿಟ್ಟವನು ಅಣ್ಣನನ್ನು ಬೇಲಿಯ ಸಂದಿನಿಂದ ಎಷ್ಟು ನೋಡಿದ್ದನೆಂಬುದು ಆಗ ನಮಗೆ ತಿಳಿಯಿತು.

ಸುದ್ದಿ ಬೇಲಿ ದಾಟಲು ಎಷ್ಟು ಹೊತ್ತು? ಒಂದು ಬೆಳಿಗ್ಗೆ ಈರ ಅಂಚೆ ಕಚೇರಿಗೆ ಬಂದು ಕೌಂಟರಿನ ಮುಂದೆ ನಿಂತ.

"ಅಕ್ಕ, ನಾಟ್ಕದಲ್ಲಿ ನನ್ನ ಹಾಕಿದ್ರಂತೆ."

"ನಿಮ್ಮನ್ನಲ್ಲ ಈರಣ್ಣ. ಅದು ಮಾಸ್ತರರ ಕಲ್ಪನೆ."

"ಕಲ್ಪನೆ? ಅವ್ಳು ಯಾರು? ಯಾವ ಊರಿನವ್ಳು? ನಮ್ಮನೆ ವಿಚಾರ ಅವ್ಳಿಗೆಂತ ಗೊತ್ತು?"

ಕಲ್ಪನೆ ಎಂಬ ಹೆಂಗಸು ಇಲ್ಲವೆಂದು ನಾನು ಎಷ್ಟು ಹೇಳಿದರೂ ಅವನು ನಂಬಲಿಲ್ಲ. ಟುವಾಲು ಝಾಡಿಸಿ ಹೆಗಲಿಗೆ ಹಾಕಿ, "ನಾ ಬರೂದಿಲ್ಲ. ನಮ್ಮನೆಯ ಒಂದು ಬೆಕ್ಕೂ ಬರೂದಿಲ್ಲ" ಎಂದು ಹೇಳಿ, ಎಡಗಾಲು ಎಸೆಯುತ್ತಾ ಹೋದ. ನಾನು ನಗಬಾರದೆಂದು ಸ್ಟಾಂಪಿನ ಪೆಟ್ಟಿಗೆಯೊಳಗೆ ಮುಖ ಹುದುಗಿಸಿದೆ.

ಮಾನ್ಯರೇ, ಈಗ ದೂರಿಗೆ ಬರುತ್ತೇನೆ. ನವೆಂಬರಿನ ಒಂದು ಭಾನುವಾರ, ಸಂಜೆ ಆರೂವರೆಗೆ, ದಡದ ಪಕ್ಕದ ಶಾಲೆಯ ಮೈದಾನದಲ್ಲಿ ನಮ್ಮ ಮೊದಲ ಪ್ರದರ್ಶನವೆಂದು ಊರೆಲ್ಲ ಸಾರಿದ್ದೆವು. ವೇದಿಕೆ ಕಟ್ಟಿಯಾಗಿತ್ತು. ಮಾಸ್ತರರು ಬೆಳಗಿನಿಂದ ಅನ್ನ ಬಿಟ್ಟು ಚಹಾದಲ್ಲೇ ಇದ್ದರು. ಜನ ಬೇಗ ಬಂದು ಕುರ್ಚಿ ಹಿಡಿದಿದ್ದರು, ಕುಣಿತವಿಲ್ಲದ ನಾಟಕ ಎಂಥದೆಂಬ ಕುತೂಹಲ ಅವರಿಗೆ. ತಾವು ನಮ್ಮ ದಡದ ಸಮೀಪ ಸುಳಿದು ವರ್ಷಗಳೇ ಆಗಿದ್ದವು. ಮೀನೆಲ್ಲ ಆಳಕ್ಕೆ ಹೋಯಿತು, ದಡದಿಂದ ಎಳೆಯುವ ರಂಪಣಿ ಬಲೆಗೆ ಇನ್ನು ಕೆಲಸವಿಲ್ಲ ಎಂದು ಹಿರಿಯರು ಅದನ್ನು ಸುತ್ತಿ ಇಟ್ಟಿದ್ದರು. ವರ್ಷದ ಅಷ್ಟೂ ದಿನಗಳನ್ನು ಬಿಟ್ಟು, ಹೊನ್ನನ ಮುಖಕ್ಕೆ ಅರ್ಧ ಮೀಸೆ ಅಂಟಿಸಿದ್ದ ಆ ಗಳಿಗೆಯನ್ನೇ ಆರಿಸಿಕೊಂಡ ತಮ್ಮ ಸಮಯಪ್ರಜ್ಞೆಯನ್ನು ಎಷ್ಟು ಹೊಗಳಿದರೂ ಕಡಿಮೆಯೇ.

ದಡದಿಂದ ಒಂದು ಕೂಗು ಬಂತು. "ಬಂಗಡೆ! ಬಂಗಡೆ ಬಂತ್ರೋ!"

ನಮ್ಮ ಪ್ರೇಕ್ಷಕರು ಒಬ್ಬರಂತೆ ಎದ್ದರು. ನಾಟಕದ ಕೊನೆಗೆ ಹೀಗೆ ಎದ್ದು ನಿಂತು ಗೌರವಿಸುವುದುಂಟೆಂದು ಮಾಸ್ತರರು ಶಿಬಿರದಲ್ಲಿ ಕೇಳಿ ಬಂದಿದ್ದರು, ಮೊದಲೇ ಎದ್ದು ಓಡುವುದನ್ನು ಅಲ್ಲಿ ಯಾರೂ ಹೇಳಿಕೊಟ್ಟಿರಲಿಲ್ಲ. ಮೈಕಿನಲ್ಲಿ "ಪ್ರೇಕ್ಷಕರು ದಯವಿಟ್ಟು ಕುಳಿತುಕೊಳ್ಳಬೇಕು" ಎಂದು ಅವರು ಖಾಲಿ ಕುರ್ಚಿಗಳಿಗೆ ವಿನಂತಿಸುತ್ತಿದ್ದಂತೆ ಹೊನ್ನನೂ ವೇದಿಕೆಯಿಂದ ಜಿಗಿದ.

"ಹೊನ್ನ, ಬಣ್ಣ!" ಎಂದು ಮಾಸ್ತರರು ಕೂಗಿದರು.

"ಬಣ್ಣ ಆಮೇಲೂ ಇರ್ತದೆ ಮಾಸ್ತ್ರೇ, ಮೀನು ಇರೂದಿಲ್ಲ!"

ರಂಪಣಿ ಎಳೆಯುವುದನ್ನು ತಾವು ಒಳಗಿನಿಂದ ಕಂಡಿದ್ದೀರಿ, ಹೊರಗಿನ ನೋಟ ಹೇಳುತ್ತೇನೆ. ದೋಣಿಯೊಂದು ತಮ್ಮ ಸುತ್ತ ಬಲೆಯನ್ನು ಅರ್ಧ ಬಳೆಯ ಹಾಗೆ ಬಿಟ್ಟು ಬರುತ್ತದೆ. ಬಲೆಯ ಎರಡು ತುದಿಯ ಹಗ್ಗಗಳನ್ನು ದಡದಲ್ಲಿ ಎರಡು ಸಾಲು ಜನ ಹಿಡಿದು ಎಳೆಯುತ್ತಾರೆ. ಬಲೆ ಹತ್ತಿರ ಬಂದಷ್ಟೂ ಎರಡು ಸಾಲುಗಳೂ ಒಂದರ ಕಡೆಗೆ ಒಂದು ಸರಿಯುತ್ತವೆ. ಬಡಗಣ ಹಗ್ಗದ ಮುಂದೆ ಈರನಿದ್ದ. ತೆಂಕಣ ಹಗ್ಗಕ್ಕೆ ಗಟ್ಟಿ ಆಳು ಬೇಕೆಂದು ಹೊನ್ನನನ್ನು ಮುಂದೆ ನಿಲ್ಲಿಸಿದರು. ಊರೆಲ್ಲ ಎಳೆಯಿತು. ಮಾಸ್ತರರೂ ಜುಬ್ಬ ಎತ್ತಿ ಕಟ್ಟಿ ಹಗ್ಗ ಹಿಡಿದು, ಮೊದಲ ಅಲೆಗೇ ಕನ್ನಡಕ ಕಳೆದುಕೊಂಡು, ಅಂಗೈ ಸುಲಿದುಕೊಂಡರೂ ಬಿಡಲಿಲ್ಲ. ತೋಟದ ಮನೆಯ ನಾನೂ ಎಳೆದೆ ಎಂಬುದನ್ನು ತಮಗೆ ಬೇರೆಯವರು ಹೇಳುವ ಮೊದಲು ನಾನೇ ಹೇಳಿಬಿಡುವುದು ಮರ್ಯಾದೆ. ಆ ಹಗ್ಗ ಕೈಗೆ ಬಂದರೆ ಎಳೆಯದೆ ಇರಲು ಆಗುವುದಿಲ್ಲ.

ಕೊನೆಗೆ ಎರಡು ಸಾಲುಗಳು ಕೂಡಿಕೊಂಡವು. ಈರನೂ ಹೊನ್ನನೂ ಹೆಗಲಿಗೆ ಹೆಗಲು ತಾಗಿ, ಮೊಣಕಾಲು ನೀರಿನಲ್ಲಿ ನಿಂತರು. ಈರ ತಲೆ ತಿರುಗಿಸಿದವನು ಪಕ್ಕದಲ್ಲಿ ತನ್ನದೇ ಮೀಸೆಯ ಅರ್ಧವನ್ನೂ, ತನ್ನದೇ ಥರ ಹಾಕಿದ ಟುವಾಲನ್ನೂ ಕಂಡ. ತುಟಿ ಅಲುಗಿತು. ಆದರೆ ಬಾಯಿಂದ ಬಂದದ್ದು "ಎಳೀ" ಎಂಬ ಒಂದೇ ಮಾತು. ಅದನ್ನು ತಮ್ಮನಿಗೆ ಹೇಳಿದನೋ ಹಗ್ಗಕ್ಕೆ ಹೇಳಿದನೋ ಯಾರಿಗೂ ತಿಳಿಯಲಿಲ್ಲ.

ತಾವು ರಾಶಿ ರಾಶಿಯಾಗಿ ಮರಳ ಮೇಲೆ ಬಿದ್ದಾಗ ಕತ್ತಲಾಗಿತ್ತು. ಮಂಜುಗಡ್ಡೆಯ ಲಾರಿ ಇನ್ನೂ ಬಂದಿರಲಿಲ್ಲ. ಪಾಲು ಹಂಚುವವರೆಗೆ ಯಾರೂ ಮನೆಗೆ ಹೋಗುವಂತಿರಲಿಲ್ಲ. ಒದ್ದೆ ಬಟ್ಟೆಯಲ್ಲಿ ಎಲ್ಲರೂ ಮರಳಿನ ಮೇಲೆ ಕೂತಿದ್ದರು. ಬರುವುದಿಲ್ಲವೆಂದು ಆಣೆ ಹಾಕಿದಂತೆ ಹೇಳಿದ್ದ ಈರನೂ ಪಾಲಿಗಾಗಿ ಕೂತಿದ್ದ.

"ಸುಮ್ನೆ ಕೂರೂದು ಎಂತಕ್ಕೆ?" ಎಂದಳು ವನಮಾಲಾ. "ನಾಟ್ಕ ಇಲ್ಲೇ ಮಾಡ್ವ."

ಪರದೆ ಬೇಕು, ಬೆಳಕು ಬೇಕು, ಪ್ರೇಕ್ಷಕರಿಂದ ಅಂತರ ಬೇಕು ಎಂದು ಮಾಸ್ತರರು ಕನ್ನಡಕವಿಲ್ಲದ ಕಣ್ಣು ಕಿರಿದು ಮಾಡಿ ಹೇಳಿದ್ದನ್ನು ಯಾರೂ ಕೇಳಲಿಲ್ಲ. ಯಾರೋ ಎರಡು ಟೆಂಪೋಗಳನ್ನು ತಂದು ಹೆಡ್‌ಲೈಟ್ ಹಚ್ಚಿದರು. ಮೀನಿನ ರಾಶಿಯ ಪಕ್ಕದಲ್ಲಿ ನಾಟಕ ಶುರುವಾಯಿತು. ಹೊನ್ನ ಎಡಗಾಲು ಎಸೆದು ಬಂದದ್ದೇ ತಡ, "ಥೇಟ್ ಈರಣ್ಣ!" ಎಂದು ದಡವೆಲ್ಲ ನಕ್ಕಿತು. ಈರ ಮರಳು ನೋಡುತ್ತಾ ಕೂತ. ಮುಂದೆ ಪಾಲಿನ ದೃಶ್ಯ ಬಂತು. ಹರೀಶ ಬಲೆ ಹೊತ್ತು ಹೊರಟ. ಹೊನ್ನ ಟುವಾಲು ಝಾಡಿಸಿ, ದೂರದ ದೋಣಿಯವರನ್ನು ಎಬ್ಬಿಸುವ ಆ ಗಂಟಲಿನಲ್ಲಿ, "ಇವತ್ತಿನಿಂದ ನನಗೆ ತಮ್ಮನೇ ಇಲ್ಲ!" ಎಂದ.

ನಗು ನಿಂತಿತು. ಈರ ಎದ್ದು ನಿಂತಿದ್ದ.

"ನಾ ಹಂಗೆ ಹೇಳ್ಲಿಲ್ಲ."

ದೋಣಿಯ ಮರೆಯಲ್ಲಿದ್ದ ನಾನು ಟಾರ್ಚ್ ಹಿಡಿದು ನನ್ನ ನಾಟಕದ ಪ್ರತಿಯಲ್ಲಿ ಆ ಮಾತು ಎಲ್ಲಿದೆಯೆಂದು ಹುಡುಕಿದೆ. ಹೊನ್ನ ಅಣ್ಣನ ಕಡೆ ತಿರುಗಿದ.

"ಮತ್ತೆ ಎಂತ ಹೇಳಿದ್ದೆ? ಬಾ. ಬಂದು ಹೇಳು."

ಈರ ಮೀನು ದಾಟಿ ಬಂದ. ಹೊನ್ನ ಅಣ್ಣನ ಜಾಗ ಬಿಟ್ಟು ಹರೀಶನ ಜಾಗಕ್ಕೆ ಸರಿದ. ಹರೀಶ ಬಲೆ ಹೊತ್ತುಕೊಂಡೇ, "ಮಾಸ್ತ್ರೇ, ನಾ ಎಲ್ಲಿ ನಿಲ್ಲೂದು?" ಎಂದು ಕೇಳಿದ. ಯಾರೋ ಅವನ ಅಂಗಿ ಹಿಡಿದು ಎಳೆದು ಕೂರಿಸಿದರು.

"ಅವತ್ತು ಇವ ಬಲೆ ಹೊತ್ಕಂಡು ಅಂಗಳ ಇಳೀತಾ ಇದ್ದ" ಎಂದು ಈರ ಊರಿಗೆ ಹೇಳಿದ. ಆಮೇಲೆ ಊರಿಗೆ ಬೆನ್ನು ಹಾಕಿ ತಮ್ಮನಿಗೆ ಹೇಳಿದ. "ನಾ ಅಂದೆ, ಊಟ ಮಾಡ್ಕಂಡು ಹೋಗು ಅಂತ."

"ನನಗೆ ಕೇಳ್ಲಿಲ್ಲ."

"ಎರಡು ಸಲ ಹೇಳಿದೆ."

"ಬಲೆ ಕಿವಿ ಮೇಲಿತ್ತು."

"ತಿರುಗಿ ನೋಡಬಹುದಿತ್ತು ನೀನು."

"ನೀ ಬಂದು ಕೈ ಹಿಡೀಬಹುದಿತ್ತು."

ಇಲ್ಲಿ ತಾಯಿಯ ಪಾತ್ರ ಕಡಲಿನ ಬಗ್ಗೆ ಒಂದು ಗಂಭೀರವಾದ ಮಾತು ಹೇಳಬೇಕು, ಮಾಸ್ತರರು ಅದಕ್ಕೆ ವಾರಗಟ್ಟಲೆ ಬೆವರು ಸುರಿಸಿದ್ದರು. ನಾನು ಅದರ ಮೊದಲ ಪದ ಪಿಸುಗುಟ್ಟಿದೆ. ವನಮಾಲಾ ನನ್ನ ಕಡೆ ನೋಡಲಿಲ್ಲ. ಪೌಡರೆಲ್ಲ ತೊಳೆದು ಹೋಗಿ ಕಪ್ಪಗಾಗಿದ್ದ ತಲೆಯನ್ನು ಸೆರಗಿನಿಂದ ಮುಚ್ಚಿಕೊಂಡು, ಸತ್ತುಹೋದ ಆ ತಾಯಿಯ ಹಾಗೆ ನಿಧಾನವಾಗಿ ಹೇಳಿದಳು.

"ನಾ ಇಬ್ರಿಗೂ ಬಡಿಸಿಟ್ಟಿದ್ದೆ ಮಕ್ಳೇ. ಒಬ್ರೂ ಉಣ್ಲಿಲ್ಲ."

ಯಾರೂ ಚಪ್ಪಾಳೆ ತಟ್ಟಲಿಲ್ಲ. ಹೆಂಗಸರು ಮೂಗು ಒರೆಸಿಕೊಂಡರು. ಹೊನ್ನ ಅರ್ಧ ಮೀಸೆಯನ್ನು ಕಿತ್ತು ಕೈಯಲ್ಲಿ ಹಿಡಿದು ನಿಂತ. ಅಷ್ಟರಲ್ಲಿ ಲಾರಿಯ ಹಾರನ್ ಕೇಳಿಸಿತು, ಊರೆಲ್ಲ ಬುಟ್ಟಿ ಹಿಡಿದು ಎದ್ದಿತು, ಈರ ತನ್ನ ಪಾಲು ಹೊತ್ತು ಹಿಂದೆ ನೋಡದೆ ಹೋದ. ಒದ್ದೆ ಜುಬ್ಬದ ಮಾಸ್ತರರು ಕತ್ತಲಲ್ಲಿ ಕೂತು, "ಇನ್ನೂ ಎರಡು ದೃಶ್ಯ ಇತ್ತು" ಎಂದು ಯಾರಿಗೋ ಹೇಳುತ್ತಿದ್ದರು.

ಹೀಗೆ ಒಂದು ಸುಸಜ್ಜಿತ ವೇದಿಕೆಯನ್ನೂ, ಒಂದು ಕನ್ನಡಕವನ್ನೂ, ಎರಡು ದೃಶ್ಯಗಳನ್ನೂ, ಕಡಲಿನ ಬಗೆಗಿನ ಒಂದು ಗಂಭೀರ ಮಾತನ್ನೂ ತಾವು ಒಂದೇ ಸಂಜೆಯಲ್ಲಿ ಹಾಳುಮಾಡಿದಿರೆಂಬುದು ನಮ್ಮ ದೂರು. ಇಷ್ಟರಲ್ಲೇ ಮುಗಿದಿದ್ದರೆ ಕ್ಷಮಿಸಬಹುದಿತ್ತು. ಕುಮಟೆಯಲ್ಲಿ ನಾಟಕ ಆಡಲು ನಮಗೆ ಕರೆ ಬಂದ ಸುದ್ದಿ ತಿಳಿದು ಈರ ಮತ್ತೆ ಕೌಂಟರಿಗೆ ಬಂದ.

"ಕುಮಟೆಗೆ ನಾನೂ ಬರ್ತೆ ಅಕ್ಕ. ನನ್ನ ಪಾತ್ರ ನಾನೇ ಮಾಡೂದು. ಅವಂಗೆ ನನ್ನ ಮಾತು ಬರೂದಿಲ್ಲ."

ಹರೀಶನನ್ನು ದೀಪದ ಉಸ್ತುವಾರಿಗೆ ಕಳಿಸಿದೆವು. ಅವನು ಒಂದು ವಾರ ಮುಖ ಊದಿಸಿಕೊಂಡಿದ್ದ. ಆದರೆ ನಿಜವಾದ ತೊಂದರೆ ಇನ್ನೊಂದು. ಅಣ್ಣತಮ್ಮಂದಿರು ತಾಲೀಮಿನ ಹೊರಗೆ ಈಗಲೂ ಮಾತಾಡುವುದಿಲ್ಲ. ಬೇಲಿ ಬೇಲಿಯೇ, ದೋಣಿಯ ಮೇಲಿನ ಗರಿಯನ್ನು ಯಾರೂ ತೆಗೆದಿಲ್ಲ. ಬರುವಾಗ ಬೇರೆ ಬೇರೆ ದಾರಿಯಲ್ಲಿ ಬರುತ್ತಾರೆ, ಹೋಗುವಾಗಲೂ ಹಾಗೇ. ಆದರೆ ಪಾಲಿನ ದೃಶ್ಯಕ್ಕೆ ನಿಲ್ಲಿಸಿದೆವೋ, ದಿನಕ್ಕೊಂದು ಹಳೆಯ ಜಗಳ ನೆನಪಾಗುತ್ತದೆ. ಚಿಕ್ಕಂದಿನಲ್ಲಿ ದೋಣಿಯ ಹುಟ್ಟು ಮುರಿದವರು ಯಾರು, ಜ್ವರ ಬಂದಾಗ ಯಾರು ಯಾರನ್ನು ಹೊತ್ತುಕೊಂಡು ಹೊನ್ನಾವರದ ಆಸ್ಪತ್ರೆಗೆ ಓಡಿದ್ದು, ಅಮ್ಮ ಯಾರಿಗೆ ಹೆಚ್ಚು ಕೊಬ್ಬರಿ ಕೊಡುತ್ತಿದ್ದಳು. ಎಲ್ಲವೂ ಈಗ ನಾಟಕದಲ್ಲಿದೆ. ಮಾಸ್ತರರು ಕತ್ತರಿಸಲು ಹೋದರೆ ಇಬ್ಬರೂ ಒಂದಾಗಿ ಅವರ ಮೇಲೆ ಬೀಳುತ್ತಾರೆ, ಅವರು ಒಂದಾಗುವುದು ಆ ಒಂದು ವಿಷಯದಲ್ಲಿ ಮಾತ್ರ. ನಾನು ಪ್ರತಿ ಮುಚ್ಚಿ "ಇವತ್ತಿಗೆ ಸಾಕು" ಎಂದರೆ, ಈರ ಗೋಡೆ ನೋಡುತ್ತಾ, "ಇನ್ನೊಂದು ಸಲ ಮಾಡ್ವ" ಎನ್ನುತ್ತಾನೆ. ಹೊನ್ನ ನೆಲ ನೋಡುತ್ತಾ, "ಆತು" ಎನ್ನುತ್ತಾನೆ.

ಆದಕಾರಣ ತಮ್ಮಲ್ಲಿ ನಮ್ಮ ಪ್ರಾರ್ಥನೆ ಇಷ್ಟೇ. ಭಟ್ಕಳದಿಂದ ಕುಮಟೆಯವರೆಗೆ ತಮಗೆ ಬೇಕಾದಷ್ಟು ದಡವಿದೆ, ಇಪ್ಪತ್ತನಾಲ್ಕು ಗಂಟೆಯ ದಿನವಿದೆ, ಬೇಕೆಂದಲ್ಲಿ ಬೇಕೆಂದಾಗ ವಿಹರಿಸಿ. ಸಂಜೆ ನಮ್ಮ ತಾಲೀಮು ನಡೆಯುವ ಹೊತ್ತಿನಲ್ಲಿ ಮಾತ್ರ ದಯಮಾಡಿ ಕರ್ಕಿಯ ದಡಕ್ಕೆ ಬರಬೇಡಿ. ಅವರಿಬ್ಬರೂ ಮಾತಾಡುತ್ತಿರುತ್ತಾರೆ.

ದಡದಲ್ಲಿ ನಿಂತು, ಕೈಯಲ್ಲಿ ಹಗ್ಗವಿಲ್ಲದೆ,
ತಮ್ಮ ವಿಶ್ವಾಸಿ,
ಮೂಕಾಂಬಿಕಾ
ಕಾರ್ಯದರ್ಶಿ, ಅಳಿವೆ ಹವ್ಯಾಸಿ ರಂಗ ಬಳಗ, ಕರ್ಕಿ

ವಿ.ಸೂ.: ಪ್ರೇಕ್ಷಕರ ನಡುವಿನಿಂದ ನಟನೊಬ್ಬ ಎದ್ದು ಬರುವುದು ಆಧುನಿಕ ರಂಗಭೂಮಿಯ ಪ್ರಯೋಗವೆಂದೂ, ಅದನ್ನು ಮೊದಲಿನಿಂದಲೂ 'ನಾನೇ ಯೋಜಿಸಿದ್ದು' ಎಂದೂ ನಮ್ಮ ಮಾಸ್ತರರು ಈಗ ಕುಮಟೆಯಲ್ಲಿ ಹೇಳಿಕೊಂಡು ತಿರುಗುತ್ತಿದ್ದಾರೆ. ಹೀಗೇ ಬಿಟ್ಟರೆ ನಾಳೆ ತಮ್ಮನ್ನು ದಡಕ್ಕೆ ಕರೆಸಿದ್ದೂ ಅವರೇ ಎನ್ನಬಹುದು. ಆ ಗೌರವ ಅವರ ಪಾಲಾಗುವ ಮೊದಲು ತಾವು ಎಚ್ಚೆತ್ತುಕೊಳ್ಳುವುದು ಒಳ್ಳೆಯದು.